ಮದ್ದುಸೊಪ್ಪಿನ ನೇರಳೆ

ಲೈನ್‌ಮನೆ ಹುಡುಗಿಗೆ ಡಿಗ್ರಿ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ಎಸ್ಟೇಟಿನ ರೈಟರ್. ಲೈನೆಂದರೆ ಕಾಫಿ ತೋಟದ ಆಳುಗಳಿಗೆ ಕಟ್ಟಿಸಿಕೊಟ್ಟ ಸಾಲುಮನೆ, ರೈಟರ್ ಎಂದರೆ ಆ ಆಳುಗಳ ಹಾಜರಿ ಹಾಕುವವರು, ದಿನದ ಕೆಲಸ ಹಂಚುವವರು. ಕೆಟ್ಟ ಮನುಷ್ಯರೇನಲ್ಲ. ನಾನು ಪಿಯುಸಿ ಪಾಸಾದೆನೆಂದು ಅವ್ವ ಹಾಜರಿಯ ಹೊತ್ತಿನಲ್ಲಿ ಹೇಳಿದಾಗ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕರು.

"ಸಾಕು ಮಾರಾಯ್ತಿ, ಸುಂಟಿಕೊಪ್ಪದಲ್ಲಿ ಯಾವುದಾದ್ರೂ ಅಂಗಡಿಗೆ ಸೇರ್ಸು. ಲೈನಿಂದ ಡಿಗ್ರಿ ಮಾಡಿದವ್ರು ಯಾರುಂಟು ಹೇಳು ನೋಡುವ? ನಾನು ಈ ತೋಟಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು, ಒಬ್ರನ್ನ ಕಂಡಿಲ್ಲ."

ಅವ್ವ "ಹೂಂ ಸಾರ್" ಎಂದು ಸೊಂಟಕ್ಕೆ ಚೀಲ ಕಟ್ಟಿಕೊಂಡು ತೋಟಕ್ಕೆ ಇಳಿದಳು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, "ಒಬ್ರನ್ನೂ ಕಂಡಿಲ್ವಂತೆ. ಕಾಣ್ಲಿ ಬುಡು" ಅಂದಳು. ಆ ವಿಷಯದಲ್ಲಿ ಅವಳು ಆಡಿದ್ದು ಅಷ್ಟೇ ಮಾತು.

ಅವ್ವ, ಅವಳ ಅಕ್ಕ ಇಬ್ಬರೂ ಪಿರಿಯಾಪಟ್ಟಣದ ಕಡೆಯಿಂದ ಮದುವೆಯಾದ ಮೇಲೆ ಇಲ್ಲಿಗೆ ಬಂದವರು. ಅಪ್ಪ ನಾನು ಎರಡನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡ. ದೊಡ್ಡವ್ವ ಪಕ್ಕದ ಕೋಣೆಯಲ್ಲಿದ್ದಳು, ಅವಳಿಗೆ ಮಕ್ಕಳಿಲ್ಲ. ಎರಡು ಕೋಣೆಗೆ ಒಂದೇ ಒಲೆ, ಇಬ್ಬರಿಗೂ ನಾನೊಬ್ಬಳೇ. ನನ್ನನ್ನು ಓದಿಸಿದ್ದು ಆ ನಾಲ್ಕು ಕೈಗಳು. ಹಾಗಾಗಿ ನಾನು ಓದಿದೆ ಎಂದು ಬರೆಯುವಾಗ ಸ್ವಲ್ಪ ತಡೆದೇ ಬರೆಯುತ್ತೇನೆ. ಆದರೆ ಬರೆಯುತ್ತೇನೆ. ಓದಿದ್ದು ನಿಜ, ಕಷ್ಟಪಟ್ಟಿದ್ದೂ ನಿಜ.

ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಆ ನಾಲ್ಕು ಕೈಗಳಲ್ಲಿ ಎರಡು ನಿಂತವು. ಬೆಳಿಗ್ಗೆ ಎದ್ದರೆ ಅವ್ವನಿಗೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ರವಿಕೆಯ ಗುಂಡಿ ಹಾಕಲು ದೊಡ್ಡವ್ವನನ್ನು ಕೂಗಬೇಕು. ಹತ್ತು ಗಂಟೆಯ ಹೊತ್ತಿಗೆ ಬೆರಳು ಸಡಿಲವಾಗುವುದು, ಅಷ್ಟರಲ್ಲಿ ಉಳಿದವರು ಎರಡು ಸಾಲು ಕಾಫಿ ಕೊಯ್ದಿರುತ್ತಿದ್ದರು. ಎಣ್ಣೆ ಹಚ್ಚಿ ನೋಡಿದ್ದಾಯಿತು, ಬಿಸಿ ಉಪ್ಪಿನ ಗಂಟು ಇಟ್ಟಿದ್ದಾಯಿತು. ಕೊನೆಗೆ ಮಡಿಕೇರಿಯ ದೊಡ್ಡಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ರಕ್ತ ನೋಡಿ ಡಾಕ್ಟರು ಸಂಧಿವಾತ ಅಂದರು. ವಯಸ್ಸಿನಿಂದ ಸವೆಯುವ ಬಗೆಯದ್ದಲ್ಲ, ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುವ ಬಗೆಯದ್ದು.

"ನಿಮ್ಮ ಮೈಯೇ ನಿಮ್ಮ ಗಂಟುಗಳನ್ನ ತಿಂತಾ ಇದೆ ಅಮ್ಮ," ಅಂದರು ಡಾಕ್ಟರು, ಸುಲಭವಾಗಲಿ ಎಂದು.

ವಾಪಸು ಬರುವ ಬಸ್ಸಿನಲ್ಲಿ ಅವ್ವ ಕೇಳಿದಳು: "ಅಲ್ಲ ಮಗ, ನನ್ ಮೈ ನನ್ನೇ ತಿನ್ನೋಕೆ ನಾನೇನ್ ಮಾಡಿದ್ದೆ ಅದಕ್ಕೆ?"

ಎಂ.ಎಸ್ಸಿ.ಗೆ ಜೀವರಸಾಯನಶಾಸ್ತ್ರವನ್ನೇ ಹಿಡಿದದ್ದಕ್ಕೆ ಬೇರೆ ಕಾರಣವನ್ನು ನಾನು ಸಂದರ್ಶನಗಳಲ್ಲಿ ಹೇಳಿದ್ದೇನೆ. ನಿಜವಾದ ಕಾರಣ ಆ ಬಸ್ಸಿನ ಪ್ರಶ್ನೆ.

ಅವ್ವನಿಗೆ ಕೊಟ್ಟದ್ದು ಸಣ್ಣ ಹಳದಿ ಮಾತ್ರೆ. ವಾರಕ್ಕೊಂದೇ ದಿನ. ಸೋಮವಾರವೆಂದು ಗೊತ್ತು ಮಾಡಿಕೊಂಡಿದ್ದಳು. ದಾರಿ ತಪ್ಪಿದ ಆ ಶಕ್ತಿಯನ್ನು ಮೆಲ್ಲಗೆ ಹಿಡಿದು ಕೂರಿಸುವ ಕೆಲಸ ಅದರದ್ದು. ಮೆಲ್ಲಗೆ ಎಂದರೆ ನಿಜವಾಗಿಯೂ ಮೆಲ್ಲಗೆ. ನುಂಗಿದ ಕೂಡಲೇ ನೋವು ಹೋಗುವುದಿಲ್ಲ, ವಾರಗಟ್ಟಲೆ ಕಾಯಬೇಕು. ನಿಲ್ಲಿಸಿದರೂ ಕೂಡಲೇ ಏನೂ ಗೊತ್ತಾಗುವುದಿಲ್ಲ, ಅದಕ್ಕೂ ವಾರಗಳು ಬೇಕು. ಮಂಗಳವಾರ ಇಡೀ ದಿನ ಅವಳಿಗೆ ವಾಕರಿಕೆ. ಅನ್ನ ಸೇರುತ್ತಿರಲಿಲ್ಲ, ಬಾಚಿದರೆ ಕೂದಲು ಬರುತ್ತಿತ್ತು. ಆದರೂ ಮೂರು ತಿಂಗಳಲ್ಲಿ ಗುಂಡಿ ತಾನೇ ಹಾಕಿಕೊಂಡಳು. ಮತ್ತೆ ಕಾಫಿ ಕೊಯ್ಲಿಗೆ ಹೋದಳು. ನಾನು ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ.ಗೆಂದು ಘಟ್ಟ ಇಳಿದು ವಿಶ್ವವಿದ್ಯಾಲಯದ ಹಾಸ್ಟೆಲ್ ಸೇರಿದೆ.

ಅಲ್ಲಿ ನನಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ಅದನ್ನು ಹೇಳಿಬಿಡುತ್ತೇನೆ. ಆದರೆ ಕ್ಲಾಸಿನವರ ಮನೆಗಳಲ್ಲಿ ಮೇಷ್ಟರು, ಬ್ಯಾಂಕಿನವರು, ನರ್ಸುಗಳು ಇದ್ದರು. ಊಟಕ್ಕೆ ಕೂತರೆ ಅವರ ಮಾತು ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆಗೆ ಸಲೀಸಾಗಿ ಹೋಗುತ್ತಿತ್ತು, ನಾನು ನಡುವೆ ಕೈ ಹಾಕುವ ಜಾಗ ಕಾಣದೆ ತಟ್ಟೆ ನೋಡುತ್ತಿದ್ದೆ. ರಜೆಗೆ ಲೈನಿಗೆ ಬಂದರೆ ಅಲ್ಲೂ ಹಾಗೆಯೇ ಆಗತೊಡಗಿತು. ನನ್ನ ಜೊತೆ ಆಡಿದ ಹುಡುಗಿಯರು ಮಗುವನ್ನು ಸೊಂಟದಲ್ಲಿಟ್ಟುಕೊಂಡು "ಓದೋರು ಬಂದ್ರು" ಎಂದು ದಾರಿ ಬಿಡುತ್ತಿದ್ದರು. ತಮಾಷೆಗೇ. ಆದರೂ ದಾರಿ ಬಿಟ್ಟದ್ದು ನಿಜ.

ಪ್ರಾಜೆಕ್ಟಿಗೆ ವಿಷಯ ಹೇಳಿ ಎಂದಾಗ ನಾನು ಮದ್ದುಸೊಪ್ಪು ಅಂದೆ.

ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆಯವರಿಗಾಗಿ ಎರಡು ಮಾತು. ಮಳೆಗಾಲದ ಕಕ್ಕಡ ತಿಂಗಳಲ್ಲಿ, ಕೆಲವರು ಆಟಿ ಅನ್ನುತ್ತಾರೆ, ತೋಡಿನ, ಅಂದರೆ ಸಣ್ಣ ತೊರೆಯ ಬದಿಯಲ್ಲಿ, ಬೇಲಿಯ ಬುಡದಲ್ಲಿ ಬೆಳೆದಿರುವ ಒಂದು ಗಿಡ ಘಮಘಮಿಸಲು ಶುರುವಾಗುತ್ತದೆ. ದಿನಕ್ಕೊಂದು ಮದ್ದು ಅದರೊಳಗೆ ಸೇರುತ್ತದೆ ಎಂದು ನಂಬಿಕೆ. ಹದಿನೆಂಟನೆಯ ದಿನಕ್ಕೆ ಹದಿನೆಂಟು ಮದ್ದು ತುಂಬುತ್ತದೆ. ಆ ಒಂದು ದಿನ ಕೊಯ್ದು, ಕುದಿಸಿ, ಸೋಸಿದರೆ ನೀರು ಕಡು ನೇರಳೆ. ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ಕಾಯಿಹಾಲು ಹಾಕಿದರೆ ಪಾಯಸ. ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಹೋದರೆ ಮದ್ದು ಮೈಗೆ ಹಿಡಿಯಿತೆಂದು ಲೆಕ್ಕ. ಲೈನಿನಲ್ಲಿ ತಮಿಳಿನವರು, ಮಲಯಾಳದವರು, ನಮ್ಮಂಥವರು, ಎಲ್ಲರೂ ಕೊಡವರ ಮತ್ತು ಗೌಡರ ಮನೆಗಳನ್ನು ನೋಡಿ ಇದನ್ನು ಕಲಿತವರೇ. ಚಿಕ್ಕಂದಿನಲ್ಲಿ ಮಾರನೆಯ ಬೆಳಿಗ್ಗೆ ನಾವು "ನಿಂಗ್ ಬಂತಾ, ನಿಂಗ್ ಬಂತಾ" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ಓಡಾಡುತ್ತಿದ್ದೆವು. ಬಾರದವರು ಸಪ್ಪೆಯಾಗುತ್ತಿದ್ದರು.

ಬಣ್ಣ ಬಂತೆಂದರೆ ಮದ್ದು ಬಂತು. ಇದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿದ್ದ ವಿಷಯ.

ನನಗೆ ಮಾರ್ಗದರ್ಶಕರಾಗಿದ್ದ ಮೇಡಂ ಕರಾವಳಿಯವರು, ಮದ್ದುಸೊಪ್ಪನ್ನು ಕಂಡವರಲ್ಲ. "ಹದಿನೆಂಟನೇ ದಿನದ್ದು ಮಾತ್ರ ತಂದ್ರೆ ಹೋಲಿಸುವುದು ಯಾವುದಕ್ಕೆ? ಬೇರೆ ದಿನದ್ದೂ ಬೇಕು," ಅಂದರು. ಅದಕ್ಕಾಗಿ ಕಕ್ಕಡದಲ್ಲಿ ಊರಿಗೆ ಬಂದು ಹತ್ತನೆಯ ದಿನ ಕತ್ತರಿ ಹಿಡಿದು ತೋಡಿಗೆ ಹೊರಟೆ. ದೊಡ್ಡವ್ವ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಹೊಂಟೆ? ಇವತ್ತು ಹತ್ತೇ ದಿನ ಕಣೇ. ಹತ್ತೇ ಮದ್ದು ಇರೋದು."

"ಗೊತ್ತು ದೊಡ್ಡವ್ವ. ಹತ್ತಕ್ಕೂ ಹದಿನೆಂಟಕ್ಕೂ ಏನ್ ವ್ಯತ್ಯಾಸ ಅಂತ ನೋಡೋಕೆ."

"ಎಂಟು," ಅಂದಳು ದೊಡ್ಡವ್ವ. "ಇದಕ್ಕೆ ಅಷ್ಟು ಓದ್ಬೇಕಿತ್ತಾ?"

ಅವ್ವ ಒಲೆಯ ಮುಂದೆ ಬಿದ್ದು ಬಿದ್ದು ನಕ್ಕಳು. ಕೊನೆಗೆ ದೊಡ್ಡವ್ವನೇ ಕೊಡೆ ಹಿಡಿದುಕೊಂಡು ಜೊತೆಗೆ ಬಂದಳು, ಜಿಗಣೆ ಕಿತ್ತಳು, "ಆ ಲ್ಯಾಬಿನೋರಿಗೆ ಹತ್ತು ಸಾಕು ಬುಡು" ಎಂದು ತಾನೇ ಕೊಯ್ದು ಕೊಟ್ಟಳು. ಹದಿನೆಂಟನೆಯ ದಿನದ್ದನ್ನೂ ಕಟ್ಟಿಕೊಂಡು ಬಸ್ಸು ಹತ್ತಿದೆ. ಸಂಪಾಜೆ ಘಾಟಿ ಇಳಿಯುವಾಗ ಹಿಂದಿನ ಸೀಟಿನ ಹೆಂಗಸು "ಯಾರಲ್ಲಿ ಸೊಪ್ಪು ಉಂಟು, ಪರಿಮಳ ಬರ್ತದೆ" ಎಂದು ಕೇಳಿದ್ದು ನೆನಪಿದೆ. ನನ್ನಲ್ಲಿ ಎಂದು ಹೇಳುವಾಗ ಒಂದು ಬಗೆಯ ಜಂಬ.

ಲ್ಯಾಬಿನ ಕೆಲಸ ಹೀಗಿತ್ತು. ಇಲಿಯ ಮೈಯಿಂದ ಬಂದ ಒಂದು ಜಾತಿಯ ಕಾವಲು ಕಣಗಳನ್ನು, ಎಂದರೆ ಜೀವಕೋಶಗಳನ್ನು, ಗಾಜಿನಂಥ ತಟ್ಟೆಯ ಪುಟ್ಟ ಪುಟ್ಟ ಗುಳಿಗಳಲ್ಲಿ ಸಾಕುವುದು. ಅವಕ್ಕೆ ಬ್ಯಾಕ್ಟೀರಿಯಾದ ಹೊರಪದರದ ಚೂರು ಹಾಕಿದರೆ ಶತ್ರು ಬಂತೆಂದು ರೇಗಿ, ಕೈಕಾಲು ಚಾಚಿ, ಉರಿಯೂತ ಹುಟ್ಟಿಸುವ ಪ್ರೋಟೀನನ್ನು ಹೊರಗೆ ಬಿಡುತ್ತವೆ. ಅವ್ವನ ಕೀಲಿನಲ್ಲೂ ಅಂಥದೇ ಪ್ರೋಟೀನಿನ ಹಾವಳಿ. ಸೊಪ್ಪಿನ ರಸ ಮೊದಲೇ ಹಾಕಿಟ್ಟರೆ ಆ ಪ್ರೋಟೀನು ಕಡಿಮೆಯಾಗುತ್ತದೆಯೇ ಎಂದು ನಾನು ಅಳೆಯಬೇಕು. ಜೊತೆಗೆ ಕಣಗಳು ಬದುಕಿವೆಯೇ ಎಂಬುದನ್ನೂ ನೋಡಬೇಕು, ಯಾಕೆಂದರೆ ಸತ್ತ ಕಣವೂ ರೇಗುವುದಿಲ್ಲ. ಅದಕ್ಕೊಂದು ಹಳದಿ ಪುಡಿ ಇದೆ. ಬದುಕಿರುವ ಕಣ ಅದನ್ನು ನೇರಳೆ ಮಾಡುತ್ತದೆ. ನೇರಳೆ ಹೆಚ್ಚಿದ್ದಷ್ಟೂ ಜೀವ ಹೆಚ್ಚು. ಯಂತ್ರ ಬಣ್ಣ ಓದಿ ಅಂಕಿ ಕೊಡುತ್ತದೆ.

ಕಣಗಳಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಆಹಾರದ ದ್ರವ ಬದಲಿಸದಿದ್ದರೆ ಸಾಯುತ್ತವೆ. ದೀಪಾವಳಿಗೆ ಹಾಸ್ಟೆಲ್ ಖಾಲಿಯಾಯಿತು. ಹತ್ತಿರದ ಊರಿನವರೆಲ್ಲ ಹೋದರು, ನಾನು ಉಳಿದೆ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದು, ಯಂತ್ರದ ಗಾಳಿಯ ಸದ್ದಿನಲ್ಲಿ ಕೂತು, ಕಣಗಳಿಗೆ ಊಟ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, "ಹೂಂ, ಚೆನ್ನಾಗಿದ್ದೀರಿ" ಎಂದು ಬಾಯಿಬಿಟ್ಟೇ ಹೇಳಿದೆ. ಆ ದಿನ ನಾನು ಆಡಿದ ಮೊದಲ ಮಾತು ಅದು. ಮಧ್ಯಾಹ್ನ ಮೆಸ್ಸೂ ಇಲ್ಲ. ಬನ್ನು ತಿಂದು ಬೆಂಚಿನ ಮೇಲೆ ಕೂತಿದ್ದಾಗ ಅನ್ನಿಸಿತು, ನಾನು ಇಲ್ಲಿಲ್ಲದಿದ್ದರೆ ಈ ಕಟ್ಟಡದಲ್ಲಿ ಗೊತ್ತಾಗುವುದು ಈ ತಟ್ಟೆಯವರಿಗೆ ಮಾತ್ರ.

ಅದಾಗಿ ಎರಡು ವಾರಕ್ಕೆ ಫಲಿತಾಂಶ ಬಂತು. ಹದಿನೆಂಟನೆಯ ದಿನದ ಸೊಪ್ಪಿನ ರಸ ಹಾಕಿದ ಗುಳಿಗಳಲ್ಲಿ ಆ ಪ್ರೋಟೀನು ಹೆಚ್ಚುಕಡಿಮೆ ಇರಲೇ ಇಲ್ಲ. ಜೀವ ತೋರಿಸುವ ಬಣ್ಣ ನೋಡಿದರೆ ಒಳ್ಳೆಯ ಗಾಢ ನೇರಳೆ. ಸೂಕ್ಷ್ಮದರ್ಶಕದಲ್ಲಿ ಕಣಗಳು ದುಂಡಗೆ ಕಂಡವು. ರೇಗಿದ ಕಣ ಚಾಚಿಕೊಂಡಿರುತ್ತದೆ, ಶಾಂತವಾಗಿರುವುದು ದುಂಡಗಿರುತ್ತದೆ. ಬದುಕಿವೆ, ಶಾಂತವಾಗಿವೆ. ಇನ್ನೇನು ಬೇಕು? ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸಂಜೆ ಅವ್ವನಿಗೆ ಫೋನ್ ಮಾಡಿದೆ. ನಮ್ಮ ಲೈನಿನಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಅವ್ವ ಅಲ್ಲಿ ನಿಂತು ಗಾಳಿಯ ಜೊತೆ ಕೂಗಿ ಮಾತಾಡುತ್ತಿದ್ದಳು.

"ಅವ್ವಾ, ನಮ್ ಸೊಪ್ಪು ಕೆಲ್ಸ ಮಾಡ್ತು!"

"ಏನ್ ಕೆಲ್ಸ?"

"ಉರಿ, ಊತ ಎಲ್ಲ ಇಳಿಸ್ತು ಕಣವ್ವ. ಕಣ್ಣಾರೆ ನೋಡ್ದೆ."

"ನನ್ ಮಾತ್ರೆ ಮಾಡೋ ಕೆಲ್ಸಾನೇ?"

"ಅದೇ ಜಾತಿ ಕೆಲ್ಸ ಅಂದ್ಕೋ."

"ನೀನೇ ಕಂಡ್ಹಿಡ್ದ್ಯಾ?"

"ನಾನೇ."

"ಒಬ್ಳೇ?"

"ಒಬ್ಳೇ ಕಣವ್ವ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಇದು ತಟ್ಟೆಯಲ್ಲಿ ನಡೆದದ್ದು, ಮನುಷ್ಯರಲ್ಲಿ ಅಲ್ಲ, ನೀನು ಮಾತ್ರೆ ಬಿಡಬೇಡ ಎಂಬ ಒಂದು ವಾಕ್ಯವನ್ನು ನಾನು ಹೇಳಬೇಕಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಒಂದು ಪುಟ ಬರೆಯುತ್ತಿದ್ದೆ. ಅವ್ವನಿಗೆ ಹೇಳಲಿಲ್ಲ. ಆ ಖುಷಿಯ ಮೇಲೆ ನೀರು ಹಾಕಲು ಮನಸ್ಸಾಗಲಿಲ್ಲ, ಅಷ್ಟೇ. ಬೇರೆ ಯಾವ ಸಬೂಬೂ ಇಲ್ಲ.

ಜನವರಿಯಲ್ಲಿ ವಿಭಾಗದವರ ಮುಂದೆ ಪ್ರಾಜೆಕ್ಟಿನ ವಿವರಣೆ ಕೊಡುವುದಿತ್ತು. ಅದಕ್ಕೆ ಮೊದಲು ಮೇಡಂ ನನ್ನ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ನೇರಳೆ ಬಣ್ಣದ ತಟ್ಟೆಯ ಫೋಟೋ ಬಂದಾಗ ಬೆರಳಿಟ್ಟು ನಿಲ್ಲಿಸಿದರು.

"ನಿನ್ನ ರಸದ ಬಣ್ಣ ಯಾವುದು?"

"ನೇರಳೆ ಮೇಡಂ."

"ಜೀವ ತೋರಿಸುವ ಬಣ್ಣ?"

"ನೇರಳೆ."

"ಕಣಗಳೇ ಇಲ್ಲದ ಗುಳಿಗೆ ಬರೀ ಸೊಪ್ಪಿನ ರಸ, ಹಳದಿ ಪುಡಿ ಹಾಕಿ ನೋಡಿದ್ದೀಯಾ?"

"ಇಲ್ಲ ಮೇಡಂ."

"ಯಾಕೆ?"

ನನ್ನ ಬಾಯಿಂದ ಬಂದ ಉತ್ತರ ಇವತ್ತಿಗೂ ನೆನಪಿದೆ. "ಆ ಬಣ್ಣ ಮದ್ದಿನದ್ದೇ ಅಲ್ವಾ ಮೇಡಂ?"

ಅವರು ನಗಲಿಲ್ಲ. "ನಾಳೆ ಹಾಕಿ ನೋಡು," ಅಂದರು.

ಬೇರೆ ಊರಿನ ಯಾರೇ ಆಗಿದ್ದರೂ ಮೊದಲ ದಿನವೇ ಹಾಕಿ ನೋಡುತ್ತಿದ್ದರು. ಅವರಿಗೆ ಅದು ಬರೀ ಒಂದು ಬಣ್ಣದ ರಸ, ಅನುಮಾನ ಪಡಬೇಕಾದ ವಸ್ತು. ನಾನು ಅದೇ ಬಣ್ಣಕ್ಕಾಗಿ ಮಾರನೆಯ ಬೆಳಿಗ್ಗೆ ಕಾದು ಕೂತು ಬೆಳೆದವಳು. ಅದನ್ನು ಅನುಮಾನಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಹಾಕಿ ನೋಡಿದೆ. ಒಂದು ಕಣವೂ ಇಲ್ಲದ ಗುಳಿಯಲ್ಲಿ ಯಂತ್ರ ತುಂಬು ಜೀವವೆಂದು ಅಂಕಿ ಕೊಟ್ಟಿತು. ಯಾರೂ ಇಲ್ಲದ ಮನೆಯಲ್ಲಿ ದೀಪ ಉರಿಯುತ್ತಿದ್ದ ಹಾಗೆ. ಆಮೇಲೆ ರಸ ಹಾಕಿದ್ದ ಕಣಗಳನ್ನು ಚೆನ್ನಾಗಿ ತೊಳೆದು, ಸತ್ತವನ್ನು ಮಾತ್ರ ನೀಲಿ ಮಾಡುವ ಇನ್ನೊಂದು ಬಣ್ಣ ಹಾಕಿ ಎಣಿಸಿದೆ. ಎಲ್ಲಿ ನೋಡಿದರೂ ನೀಲಿ. ದುಂಡಗಿದ್ದವು ಶಾಂತವಾದವಲ್ಲ. ಅಷ್ಟು ಗಟ್ಟಿ ರಸಕ್ಕೆ ಸತ್ತು ತೇಲುತ್ತಿದ್ದವು. ರಸ ತೆಳುವಾಗಿಸಿದರೆ ಬದುಕುತ್ತಿದ್ದವು, ಆದರೆ ಆಗ ಪ್ರೋಟೀನಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಇಲ್ಲ. ಹತ್ತನೆಯ ದಿನದ್ದಕ್ಕೂ ಹದಿನೆಂಟನೆಯ ದಿನದ್ದಕ್ಕೂ ನನ್ನ ಕೈಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಇದರಿಂದ ಪಾಯಸ ತಿಂದವರಿಗೆ ಕೆಡುಕೆಂದು ಹೇಳುವಂತಿಲ್ಲ, ಒಳಿತೆಂದೂ ಹೇಳುವಂತಿಲ್ಲ. ತಟ್ಟೆಯ ಕಣ ಬೇರೆ, ಹೊಟ್ಟೆಗೆ ಹೋಗಿ ಅರಗುವುದು ಬೇರೆ. ನನಗೆ ಗೊತ್ತಿಲ್ಲ ಎಂಬುದಷ್ಟೇ ಗೊತ್ತಾದದ್ದು.

ಆ ವಾರ ಅವ್ವನಿಗೆ ಫೋನ್ ಮಾಡಿ ಹೇಳಲು ಮೂರು ಸಲ ಹೊರಟು ಬೇರೆ ಮಾತಾಡಿ ಇಟ್ಟೆ. ನಾಲ್ಕನೆಯ ಸಲ ಅವ್ವನೇ ಏನೋ ತಡವರಿಸಿದಳು. "ಊಟ ಆಯ್ತಾ" ಎಂದರೆ "ನಿಮ್ ದೊಡ್ಡವ್ವ ತಿನ್ನಿಸಿದ್ಲು" ಅಂದಳು. ಅಂದ ಕೂಡಲೇ "ತಮಾಷೆಗೆ" ಎಂದು ಸೇರಿಸಿದಳು. ನನಗೆ ತಮಾಷೆ ಅನ್ನಿಸಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದೆ.

ಸುಂಟಿಕೊಪ್ಪದಲ್ಲಿ ಇಳಿದು ತೋಟದ ದಾರಿಯಲ್ಲಿ ನಡೆದು ಬಂದಾಗ ಮಧ್ಯಾಹ್ನ. ರೋಬಸ್ಟಾ ಕಾಫಿಯ ಕೊಯ್ಲು ಶುರುವಾಗಿತ್ತು, ಲೈನಿನಲ್ಲಿ ಒಬ್ಬರೂ ಇರಬಾರದ ಹೊತ್ತು. ಅವ್ವ ಬಾಗಿಲಲ್ಲಿ ಕೂತಿದ್ದಳು. ನನ್ನನ್ನು ಕಂಡು ಎದ್ದು ಬರಲಿಲ್ಲ, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೈ ತೋರ್ಸವ್ವ."

"ಬಿಸಿಲಲ್ಲಿ ಬಂದಿದೀಯ, ನೀರ್ ಕುಡಿ ಮೊದ್ಲು."

"ಕೈ ತೋರ್ಸು."

ಮಣಿಕಟ್ಟು ಎರಡೂ ಊದಿ ಮಿರಮಿರ ಮಿನುಗುತ್ತಿದ್ದವು. ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಮುಟ್ಟಿದರೆ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ ಬಿಸಿ. ಅಷ್ಟರಲ್ಲಿ ಊಟದ ಬಿಡುವಿಗೆ ಬಂದ ದೊಡ್ಡವ್ವ ನನ್ನನ್ನು ನೋಡಿ ಸೊಂಟದ ಚೀಲವನ್ನು ಬಿಚ್ಚಿ ನೆಲಕ್ಕೆ ಹಾಕಿದಳು.

"ಬಂದ್ರಾ ಡಾಕ್ಟ್ರು? ನೋಡಿ ನಿಮ್ ಮದ್ದು ಏನ್ ಮಾಡ್ತು ಅಂತ!"

ನನ್ನ ಫೋನಿನ ಮಾರನೆಯ ದಿನದಿಂದ ಅವ್ವ ದಿನಾ ಬೆಳಿಗ್ಗೆ ತೋಡಿಗೆ ಹೋಗಿ ಸೊಪ್ಪು ತಂದು ಕುದಿಸಿ ಕುಡಿಯುತ್ತಿದ್ದಳು. ಎರಡು ತಿಂಗಳು. ಸೋಮವಾರದ ಮಾತ್ರೆಗಳು ಒಡೆಯದೆ ಹಾಗೇ ಡಬ್ಬದಲ್ಲಿದ್ದವು. ಮೊದಮೊದಲು ಏನೂ ಆಗಲಿಲ್ಲವಂತೆ, ಮಂಗಳವಾರದ ವಾಕರಿಕೆಯೂ ನಿಂತಿತಂತೆ, ಸೊಪ್ಪಿನ ಗುಣವೆಂದೇ ತಿಳಿದಳು. ನಾನು ಮೊದಲೇ ಬರೆದೆನಲ್ಲ, ಆ ಮಾತ್ರೆ ಬಿಟ್ಟದ್ದು ವಾರಗಳ ನಂತರ ಗೊತ್ತಾಗುತ್ತದೆ.

"ವರ್ಷಕ್ಕೊಂದ್ ದಿನದ ಮದ್ದು ಕಣೇ, ದಿನಾ ಯಾರಾದ್ರೂ ಕುಡೀತಾರಾ ಅಂತ ಬಡ್ಕಂಡೆ," ಅಂದಳು ದೊಡ್ಡವ್ವ. "ಕೇಳ್ಬೇಕಲ್ಲ! ನನ್ ಮಗ್ಳು ನೋಡವ್ಳೆ, ನಿಂಗೇನ್ ಗೊತ್ತು ಅಂದ್ಲು."

ಓದದ ದೊಡ್ಡವ್ವನ ಕಟ್ಟಳೆ ಪ್ರಕಾರ ಅದು ವರ್ಷದಲ್ಲಿ ಒಂದು ಹೊತ್ತಿನ ಪಾಯಸ. ಆ ಕಟ್ಟಳೆ ಅವ್ವನನ್ನು ಇಷ್ಟು ವರ್ಷ ಕಾದಿತ್ತು. ಅದನ್ನು ಮುರಿಯಲು ನಮ್ಮ ಮನೆಯ ಮೊದಲ ಪದವೀಧರೆಯೇ ಬೇಕಾಯಿತು.

ನಾನು ಅವ್ವನ ಮುಂದೆ ನೆಲದ ಮೇಲೆ ಕೂತೆ. "ಅವ್ವ, ನಾನ್ ಹೇಳಿದ್ದು ತಪ್ಪು. ಸೊಪ್ಪು ಊತ ಇಳಿಸ್ಲಿಲ್ಲ. ನಾನು ಸರಿಯಾಗಿ ನೋಡ್ಲಿಲ್ಲ."

"ಕಣ್ಣಾರೆ ನೋಡ್ದೆ ಅಂದೆ?"

"ನೋಡಿದ್ದು ಬಣ್ಣ ಅವ್ವ. ಬಣ್ಣ ನೋಡಿ ಮೋಸ ಹೋದೆ."

ಅವ್ವ ತನ್ನ ಕೈಗಳನ್ನೇ ನೋಡುತ್ತಿದ್ದಳು. ಬೈಯಲಿ ಎಂದು ಕಾದೆ. "ನಾನೂ ಅಷ್ಟೇ," ಅಂದಳು ಕೊನೆಗೆ. "ಘಮ ಇರ್ಲಿಲ್ಲ. ಬಣ್ಣ ಮಾತ್ರ ಚೆನ್ನಾಗ್ ಬತ್ತಿತ್ತು. ಬಣ್ಣ ಬತ್ತೈತಲ್ಲ ಅಂತ ಕುಡಿದೆ."

ದೊಡ್ಡವ್ವ ಅನ್ನ ಬಡಿಸಿದಳು. ಅವ್ವನಿಗೆ ನಾನು ತಿನ್ನಿಸಿದೆ.

ಮಾರನೆಯ ದಿನ ಮಡಿಕೇರಿಯಲ್ಲಿ ಅದೇ ಡಾಕ್ಟರು ಕೈ ನೋಡಿ ಗದರಿದರು. "ಯಾರು ನಿಮಗೆ ಮಾತ್ರೆ ನಿಲ್ಸಿ ಅಂದದ್ದು?"

"ಯಾರೂ ಇಲ್ಲ ಸಾರ್, ನಾನೇ," ಅಂದಳು ಅವ್ವ, ಕೇಳಿ ಮುಗಿಯುವ ಮೊದಲೇ.

"ನಾನು ಸಾರ್," ಅಂದೆ. ಎಲ್ಲವನ್ನೂ ಹೇಳಿದೆ. ತಟ್ಟೆ, ಬಣ್ಣ, ಫೋನು. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಕಷಾಯದಿಂದ ಪಿತ್ತಜನಕಾಂಗಕ್ಕೆ ಏನಾದರೂ ಆಗಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿದರು. ಪುಣ್ಯಕ್ಕೆ ಆಗಿರಲಿಲ್ಲ. ಉರಿ ತಕ್ಷಣ ತಗ್ಗಲೆಂದು ಸ್ವಲ್ಪ ದಿನಕ್ಕೆ ಬೇರೆ ಮಾತ್ರೆ, ಅದರ ಜೊತೆ ಸೋಮವಾರದ್ದು ಮತ್ತೆ ಶುರು. "ಊತ ಇಳೀತದೆ. ಒಳಗೆ ಮೂಳೆ ಎಷ್ಟು ಸವೆದಿದೆಯೋ ಅಷ್ಟು ವಾಪಸ್ ಬರುವುದಿಲ್ಲ," ಅಂದರು. ಅದನ್ನು ಅವ್ವನಿಗೆ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದರು.

ನಾನು ಹಾಸ್ಟೆಲಿಗೆ ವಾಪಸು ಬಂದೆ. ಪ್ರಾಜೆಕ್ಟ್ ಪುಸ್ತಕ ಬರೆಯುವ ಸಮಯ. ಪಕ್ಕದ ಬೆಂಚಿನ ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಮೊದಲಿನ ರಿಸಲ್ಟ್ ಯಾಕೆ ಹಾಕ್ತೀಯಾ? ತೆಳು ರಸದ್ದು ಮಾತ್ರ ಹಾಕು, ಚೊಕ್ಕ ಆಗ್ತದೆ. ಯಾರಿಗೂ ಗೊತ್ತಾಗುವುದಿಲ್ಲ." ಮೇಡಂ "ನಿನ್ನ ಇಷ್ಟ" ಅಂದರು. ಮೂರು ದಿನ ಖಾಲಿ ಹಾಳೆಯ ಮುಂದೆ ಕೂತಿದ್ದೆ. ಒಳ್ಳೆಯ ಅಂಕ ಬರದಿದ್ದರೆ ಮುಂದೆ ದಾರಿಯಿಲ್ಲ, ಹಿಂದೆ ಹೋಗಿ ಸೇರಲು ನನಗೆ ಅಪ್ಪನ ಅಂಗಡಿಯಿಲ್ಲ, ಮಾವನ ಕಚೇರಿಯಿಲ್ಲ. ಅದನ್ನು ಆ ಹುಡುಗಿಗೆ ವಿವರಿಸಿದ್ದರೂ ಅವಳು ಕನಿಕರಪಡುತ್ತಿದ್ದಳೇ ಹೊರತು ಅದು ಹೇಗಿರುತ್ತದೆಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಲೈನಿನಲ್ಲಿ ಯಾರಿಗಾದರೂ ವಿವರಿಸಿದ್ದರೆ ಅವರಿಗೆ ಪುಸ್ತಕವೇ ಅರ್ಥವಾಗುತ್ತಿರಲಿಲ್ಲ. ಎರಡೂ ಕಡೆ ಅರ್ಥವಾಗುವ ಒಬ್ಬಳು ನಾನೇ, ಆ ಕೋಣೆಯಲ್ಲಿ ಕೂತವಳು.

ಬರೆದೆ. ನೇರಳೆ ತಟ್ಟೆಯ ಫೋಟೋ ಹಾಕಿ, ಪಕ್ಕದಲ್ಲಿ ಖಾಲಿ ಗುಳಿಯ ನೇರಳೆಯನ್ನೂ ಹಾಕಿ, ನಾನು ಹೇಗೆ ತಪ್ಪು ಓದಿದೆ ಎಂದು ಒಂದು ಅಧ್ಯಾಯ. ಬಣ್ಣವಿರುವ ಸೊಪ್ಪನ್ನು ಪರೀಕ್ಷಿಸುವವರು ಮೊದಲು ಏನು ಮಾಡಬೇಕೆಂದು ಅದರ ಕೊನೆಯಲ್ಲಿ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಉಳಿದ ಪುಟಗಳನ್ನು ಮಗುಚಿ ಆ ಅಧ್ಯಾಯದಲ್ಲೇ ಅರ್ಧ ಗಂಟೆ ನಿಂತರು. ಏಟಿನ ಮೇಲೆ ಏಟು ಪ್ರಶ್ನೆ. ನನಗೆ ಎಲ್ಲದಕ್ಕೂ ಉತ್ತರ ಗೊತ್ತಿತ್ತು, ಯಾಕೆಂದರೆ ಪ್ರತಿಯೊಂದು ತಪ್ಪನ್ನೂ ನಾನೇ ಮಾಡಿದ್ದೆ. ಪಾಸಾದೆ. ಮೊದಲ ದರ್ಜೆ.

ಘಟಿಕೋತ್ಸವಕ್ಕೆ ಇಬ್ಬರನ್ನು ಕರೆತರಬಹುದಿತ್ತು. ಘಟ್ಟದ ಬಸ್ಸಿನ ಕುಲುಕಾಟ ಅವ್ವನ ಕೈಗೆ ಆಗದು, ಅವ್ವನನ್ನು ಬಿಟ್ಟು ದೊಡ್ಡವ್ವ ಬರಳು. ಬಾಡಿಗೆ ಗೌನು ಹಾಕಿಕೊಂಡು ಒಬ್ಬಳೇ ಕೂತೆ. ನನ್ನ ಎಡಬಲದ ಕುರ್ಚಿಗಳಲ್ಲಿ ಯಾರದೋ ಅಪ್ಪಂದಿರು ಫೋನ್ ಎತ್ತಿ ಹಿಡಿದು ತಮ್ಮ ಮಕ್ಕಳು ಬರುವುದನ್ನೇ ಕಾಯುತ್ತಿದ್ದರು. ಒಬ್ಬರು ನನ್ನ ಕಡೆ ತಿರುಗಿ, "ನಿನ್ನದು ಯಾರು ತೆಗೀತಾರೆ ಮಗಾ?" ಅಂದರು. ಬೇಡ ಸಾರ್ ಅಂದೆ. ಆಮೇಲೆ ಹೊರಗೆ ಬಂದಾಗ ಅವರೇ ಒಂದು ತೆಗೆದರು. ಗೌನು ಹೆಗಲಿನಿಂದ ಜಾರಿದೆ, ಕಣ್ಣು ಅರ್ಧ ಮುಚ್ಚಿದೆ. ನನ್ನಲ್ಲಿರುವುದು ಅದೊಂದೇ.

ಮಾರನೆಯ ದಿನ ಲೈನಿಗೆ ಬಂದೆ. ಊತ ಇಳಿದು ಬಹಳ ದಿನವಾಗಿತ್ತು. ಅವ್ವ ಕೊಯ್ಲಿಗೆ ಹೋಗುವುದಿಲ್ಲ, ನರ್ಸರಿಯಲ್ಲಿ ಸಸಿಗಳ ಬುಟ್ಟಿಗೆ ಮಣ್ಣು ತುಂಬುವ ಕೆಲಸ. ಬಲಗೈಯ ಕೊನೆಯ ಎರಡು ಬೆರಳು ನೆಟ್ಟಗಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದಳು. ಸರ್ಟಿಫಿಕೇಟನ್ನು ಅವಳಿಗೆ ಕೊಟ್ಟೆ. ಮಡಚಿದ ಬೆರಳು ತಾಗಿ ಮುದುರೀತೆಂದು ಎರಡು ಅಂಗೈಯ ಮೇಲೆ ತಟ್ಟೆಯ ಹಾಗೆ ಹಿಡಿದುಕೊಂಡಳು. ದೊಡ್ಡವ್ವ ಹಿಂದಿನಿಂದ ಇಣುಕಿದಳು. ಇಬ್ಬರಿಗೂ ಓದಲು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆಯೆಂದು ತೋರಿಸಿದೆ.

"ನೀನು ತಪ್ ಮಾಡಿದ್ದೂ ಇದ್ರಲ್ಲಿ ಬರ್ದವ್ರಾ?" ಅಂದಳು ಅವ್ವ.

"ಇಲ್ಲ ಅವ್ವ. ಅದು ಪುಸ್ತಕದಲ್ಲೈತೆ. ನಾನೇ ಬರ್ದಿದೀನಿ."

"ಹಂಗಾರೆ ಅದ್ನೂ ತಂದಿಡು ಮಗ," ಅಂದಳು. "ಇದೊಂದೇ ಇಟ್ಕಂಡ್ರೆ ಅರ್ಧ ಆಯ್ತದೆ."